ಹನ್ನೊಂದು ನಿಮಿಷ

ಗೂಡು ಎಲ್ಲಿದೆ ಅಂತ ನಾನು ಬರೆಯುವುದಿಲ್ಲ. ವೇಲ್ಸ್‌ನಲ್ಲಿದೆ. ಒಂದು ಜಲಾಶಯದ ಹತ್ತಿರ, ಕುರಿ ಮೇಯುವ ಗುಡ್ಡದ ಇಳಿಜಾರಿನಲ್ಲಿ. ಅಷ್ಟು ಸಾಕು. ಇದು ನನ್ನ ಬಿಗುಮಾನ ಅಲ್ಲ, ಇಲ್ಲಿನ ಕಟ್ಟುಪಾಡು. ಆಸ್ಪ್ರೇ ಅಂದರೆ ಮೀನು ತಿನ್ನುವ ಹದ್ದಿನ ಜಾತಿಯ ಹಕ್ಕಿ. ಜನ ಹೋಗಿ ನೋಡಬಹುದಾದ ಅದರ ಗೂಡುಗಳು ಈ ದೇಶದಲ್ಲಿ ಕೆಲವಿವೆ. ಅವಕ್ಕೆ ಕ್ಯಾಮೆರಾ, ಕಾವಲು, ಪಕ್ಕದಲ್ಲೊಂದು ಚಹಾ ಅಂಗಡಿ ಎಲ್ಲ ಇರುತ್ತದೆ. ಮಿಕ್ಕವನ್ನು ಗುಟ್ಟಾಗಿಯೇ ಇಡುತ್ತಾರೆ. ನಮ್ಮದು ಗುಟ್ಟಿನ ಗೂಡು.

ನಾನು ಹುಟ್ಟಿ ಬೆಳೆದದ್ದು ಮದ್ದೂರಿನ ಕಡೆ. ಅಜ್ಜಿ ಊರಿನಿಂದ ಕೊಕ್ಕರೆಬೆಳ್ಳೂರಿಗೆ ಸೈಕಲ್ಲಿನಲ್ಲಿ ಹೋಗಿಬರಬಹುದಿತ್ತು. ಅಲ್ಲಿ ಗುಟ್ಟು ಮಾಡೋಣ ಅಂದರೂ ಆಗದು. ಊರ ಹೆಸರಲ್ಲೇ ಕೊಕ್ಕರೆ ಇದೆ. ಮನೆ ಮುಂದಿನ ಹುಣಸೆ ಮರ, ಅರಳಿ ಮರ, ಎಲ್ಲದರ ಮೇಲೂ ಹೆಜ್ಜಾರ್ಲೆ (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆಗಳ ಗೂಡು. ಕೆಳಗೆ ಹೆಂಗಸರು ಪಾತ್ರೆ ತೊಳೆಯುತ್ತಿರುತ್ತಾರೆ, ಮಕ್ಕಳು ಗೋಲಿ ಆಡುತ್ತಿರುತ್ತಾರೆ. ಮೇಲಿಂದ ಬಿಳಿ ಹಿಕ್ಕೆ ಬೀಳುತ್ತಿರುತ್ತದೆ. ಮೊದಲ ಸಲ ಹೋದಾಗ ಅಪ್ಪ ನನ್ನ ತಲೆಗೆ ಟವೆಲ್ ಹಾಕಿದ್ದು ನೆನಪಿದೆ. ಆ ವಾಸನೆಯೂ.

ಹಾಗೆ ಬೆಳೆದವನಿಗೆ ಇಲ್ಲಿ ಒಂದು ಜೋಡಿ ಹಕ್ಕಿಯನ್ನು ಮುನ್ನೂರೈವತ್ತು ಮೀಟರ್ ದೂರದಿಂದ, ಮರದ ಶೆಡ್ಡಿನೊಳಗೆ ಕೂತು, ಪಿಸುಮಾತಿನಲ್ಲಿ ನೋಡಬೇಕು ಅಂದಾಗ ನಗು ಬಂತು. ಹಕ್ಕಿ ನೋಡೋಕೂ ಇಷ್ಟೊಂದು ಶಾಸ್ತ್ರವಾ? ನಮ್ಮ ಬೀದಿಯ ನಿವೃತ್ತ ಪೋಸ್ಟ್‌ಮನ್ ಒಬ್ಬರು ಈ ಕಾವಲು ಗುಂಪನ್ನು ನೋಡಿಕೊಳ್ಳುತ್ತಾರೆ. ಒಂಬತ್ತು ಜನ ಇದ್ದರು, ಒಬ್ಬರಿಗೆ ಮಂಡಿ ನೋವು ಬಂತು, ಆ ಜಾಗಕ್ಕೆ ನನ್ನನ್ನು ಎಳೆದರು. ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ನನ್ನದು ಪಾಳಿ ಕೆಲಸ. ವಾರದಲ್ಲಿ ಎರಡು ಬೆಳಗ್ಗೆ ಬಿಡುವಿರುತ್ತದೆ ಅಂತ ಅವರಿಗೆ ಗೊತ್ತಿತ್ತು. ಹೀಗೆ ಶುರುವಾಯಿತು.

ಅವ್ವನಿಗೆ ವಿಡಿಯೋ ಕಾಲ್‌ನಲ್ಲಿ ಹೇಳಿದೆ. "ಯಾವ ಹಕ್ಕಿಲಾ ಅದು?" ಅಂದರು. ಹದ್ದಿನ ಜಾತಿ, ಬರೀ ಮೀನು ತಿನ್ನುತ್ತೆ, ನೀರಿಗೆ ಕಾಲು ಮುಂದೆ ಮಾಡಿ ಧುಮುಕುತ್ತೆ ಅಂದೆ. "ಮೀನ್‌ಗಿಡ್ಗ ಅನ್ನು" ಅಂದರು. ಆಮೇಲೆ ಗೊತ್ತಾಯಿತು, ವೆಲ್ಷ್ ಭಾಷೆಯಲ್ಲೂ ಇದರ ಹೆಸರು ಅದೇ. ಗ್ವಲ್ಖ್ ಅ ಪಸ್ಗೋದ್. ಅಂದರೆ ಮೀನಿನ ಗಿಡುಗ. ನಮ್ಮ ಪೋಸ್ಟ್‌ಮನ್ನರಿಗೆ ಇದನ್ನು ಹೇಳಿದಾಗ ಅವರು ನನ್ನ ಅವ್ವನ ಬಗ್ಗೆ ತುಂಬ ಗೌರವ ತಾಳಿದರು.

ಈ ಹಕ್ಕಿ ಕರ್ನಾಟಕಕ್ಕೂ ಬರುತ್ತದೆ. ಚಳಿಗಾಲದಲ್ಲಿ ಕಬಿನಿ, ಭದ್ರಾ ಹಿನ್ನೀರಿನಲ್ಲಿ ಒಣಗಿದ ಮರದ ತುದಿಯಲ್ಲಿ ಒಂಟಿಯಾಗಿ ಕೂತಿರುತ್ತದೆ. ಆದರೆ ಅಲ್ಲಿ ಗೂಡು ಕಟ್ಟುವುದಿಲ್ಲ. ಅಲ್ಲಿಗೆ ಬರುವವು ಬೇರೆ ಕಡೆಯವು. ಬ್ರಿಟನ್ನಿನ ಆಸ್ಪ್ರೇಗಳು ಚಳಿಗಾಲ ಕಳೆಯುವುದು ಪಶ್ಚಿಮ ಆಫ್ರಿಕಾದಲ್ಲಿ. ಸೆನೆಗಲ್, ಗ್ಯಾಂಬಿಯಾ ಕಡೆ. ಹತ್ತಿರ ಹತ್ತಿರ ಐದು ಸಾವಿರ ಕಿಲೋಮೀಟರ್. ನಡುವೆ ಸಹಾರಾ ಮರಳುಗಾಡು. ಹೆಚ್ಚೆಂದರೆ ಎರಡು ಕಿಲೋ ತೂಗುವ ಹಕ್ಕಿ ಅದನ್ನು ದಾಟಿ, ಹೋದ ವರ್ಷ ಗೂಡು ಕಟ್ಟಿದ್ದ ಅದೇ ಕಂಬಕ್ಕೆ, ಅದೇ ವಾರದಲ್ಲಿ ಬಂದು ಇಳಿಯುತ್ತದೆ.

ಗಂಡು ಏಪ್ರಿಲ್ 2ಕ್ಕೆ ಬಂತು. ಹೆಣ್ಣು 5ಕ್ಕೆ. ಆ ಮೂರು ದಿನ ಅವನು ಸುಮ್ನೆ ಕೂರಲಿಲ್ಲ. ಕಡ್ಡಿ ತಂದ. ಸರಿಯಿಲ್ಲ ಅಂತ ತಿರುಗಿಸಿಟ್ಟ. ಮತ್ತೆ ಎತ್ತಿಟ್ಟ. ಮೀನು ಹಿಡಿದುಕೊಂಡು ಆಕಾಶದಲ್ಲಿ ಏರುತ್ತಾ ಇಳಿಯುತ್ತಾ ಕೂಗಿದ. ಜಾಗ ನನ್ನದು ಅಂತ ಸಾರುವ ಕೂಗು ಅದು. ಅವಳು ಬಂದಿಳಿದಾಗ ಅವನು ಮೀನು ಕೊಟ್ಟ, ತಲೆ ಇಲ್ಲದ ಮೀನು. ಆಸ್ಪ್ರೇ ಗಂಡು ಮೀನು ಹಿಡಿದ ಮೇಲೆ ಎಲ್ಲೋ ಕೂತು ತಲೆ ಭಾಗವನ್ನು ತಾನು ತಿಂದು ಮಿಕ್ಕದ್ದು ತರುತ್ತದೆ. ಅವ್ವ ಇದನ್ನು ಕೇಳಿ, "ಸಂತೆಯಿಂದ ಬರ್ತಾ ಬೋಂಡ ತಿಂದ್ಕಂಡ್ ಬರೋ ಗಂಡಸು" ಅಂದರು.

ನಮ್ಮ ಶೆಡ್ಡಿನಲ್ಲಿ ಒಂದು ಪುಸ್ತಕ ಇದೆ. ದಪ್ಪ ರಟ್ಟಿನದು, ಮೂಲೆ ತೇವಕ್ಕೆ ಉಬ್ಬಿದೆ. ಪಾಳಿಗೆ ಬಂದವರು ಅದರಲ್ಲಿ ಬರೆಯಬೇಕು. ಎಷ್ಟು ಹೊತ್ತಿಗೆ ಯಾರು ಬಂದರು, ಯಾವ ಮೀನು, ತಲೆ ಇತ್ತಾ ಇಲ್ಲವಾ, ಕಾವು ಯಾರದು, ಗಾಳಿ ಯಾವ ಕಡೆಯದು. ಅನಿಸಿಕೆ ಬರೆಯುವ ಹಾಗಿಲ್ಲ. "ಪಾಪ" ಅಂತ ಬರೆಯುವ ಹಾಗಿಲ್ಲ. ಮೊದಲ ವಾರ ನನಗೆ ಇದು ಬ್ಯಾಂಕಿನ ಲೆಡ್ಜರ್ ಥರ ಕಂಡಿತು. ಹಕ್ಕಿಯನ್ನು ಕಂಡರೆ ಖುಷಿಪಡಬೇಕು, ಇವರು ಲೆಕ್ಕ ಬರೆಯುತ್ತಾರಲ್ಲ ಅಂತ.

ಏಪ್ರಿಲ್ 21ಕ್ಕೆ ಮೊದಲ ಮೊಟ್ಟೆ. 24ಕ್ಕೆ ಇನ್ನೊಂದು. 27ಕ್ಕೆ ಮೂರನೆಯದು. ಮೊಟ್ಟೆ ನಮಗೆ ಕಾಣುವುದಿಲ್ಲ, ಗೂಡಿನ ನಡುವೆ ತಗ್ಗಿದೆ. ಅವಳು ಕೂರುವ ರೀತಿ ನೋಡಿ ಊಹಿಸಬೇಕು. ಎದ್ದು ನಿಂತು, ತಲೆ ಬಗ್ಗಿಸಿ, ಉಗುರುಗಳನ್ನು ಒಳಕ್ಕೆ ಮುದುಡಿಕೊಂಡು, ಹೊಟ್ಟೆಯನ್ನು ಆ ಕಡೆ ಈ ಕಡೆ ಅಲ್ಲಾಡಿಸಿ ಕೂರುತ್ತಾಳೆ. ಮೀನಿನ ಬೆನ್ನಿಗೆ ಇಳಿಯುವ ಉಗುರುಗಳು ಮೊಟ್ಟೆಗೆ ತಾಗಬಾರದು ಅಂತ ಮುಷ್ಟಿ ಕಟ್ಟಿ ನಡೆಯುತ್ತಾಳೆ. ಟೆಲಿಸ್ಕೋಪಿನಲ್ಲಿ ಅದನ್ನು ನೋಡಿದ ದಿನ ನಾನು ಮನೆಗೆ ಹೋಗಿ ಹೆಂಡತಿಗೆ ಕೈ ಮುದುಡಿ ತೋರಿಸಿದೆ.

ಇನ್ನು ನನ್ನ ತಪ್ಪಿನ ವಿಷಯ.

ಏಪ್ರಿಲ್ 28, ಬೆಳಗ್ಗೆ. ಚಳಿ ಗಾಳಿ. ನಾನೊಬ್ಬನೇ ಪಾಳಿಯಲ್ಲಿದ್ದೆ. ಗಂಡು ದೊಡ್ಡ ಟ್ರೌಟ್ ಮೀನು ಹೊತ್ತುಕೊಂಡು ಶೆಡ್ಡಿನ ಮೇಲೇ ಹಾದುಹೋಯಿತು. ಮೀನಿನ ತಲೆ ಮುಂದೆ, ಬಾಲ ಹಿಂದೆ, ಗಾಳಿಯನ್ನು ಸೀಳಿಕೊಂಡು ಹೋಗುವ ಹಾಗೆ ಹಿಡಿದಿತ್ತು. ಇದರದ್ದೊಂದು ಫೋಟೋ ಊರಿಗೆ ಕಳಿಸಬೇಕು ಅನಿಸಿತು. ಮೊಬೈಲ್ ತೆಗೆದುಕೊಂಡು ಹೊರಗೆ ಬಂದೆ. ಅಲ್ಲಿಂದ ಚೆನ್ನಾಗಿ ಬರಲಿಲ್ಲ. ಕುರಿ ಗೇಟು ದಾಟಿ ಇನ್ನಷ್ಟು ಮುಂದೆ ಹೋದೆ. ಎಷ್ಟು ಅಂತ ನನಗೇ ಗೊತ್ತಾಗಲಿಲ್ಲ. ಬೆಳ್ಳೂರಿನಲ್ಲಿ ಗೂಡಿನ ಬುಡದಲ್ಲೇ ಟವೆಲ್ ಹೊದ್ದು ನಿಂತವನು ನಾನು, ಇಲ್ಲಿ ಇನ್ನೂ ಇನ್ನೂರು ಮೀಟರ್ ದೂರ ಇತ್ತು.

ಅವಳು ಎದ್ದಳು. ಕೀಚು ಕೀಚು ಅಂತ ಒಂದೇ ಸಮನೆ ಕೂಗುತ್ತಾ ಗೂಡಿನ ಮೇಲೆ ಸುತ್ತತೊಡಗಿದಳು. ಗಂಡು ಮೀನು ಸಮೇತ ಸುತ್ತಿತು. ನಾನು ಓಡಿ ವಾಪಸ್ ಬಂದು ಶೆಡ್ಡಿಗೆ ಸೇರಿ ಬಾಗಿಲು ಹಾಕಿಕೊಂಡೆ. ಅವಳು ಕೂರಲಿಲ್ಲ. ಗಡಿಯಾರ ನೋಡಿದೆ. ಗೂಡಿನಲ್ಲಿ ಮೂರು ಮೊಟ್ಟೆ, ಮೇಲೆ ಬೀಸುವ ಚಳಿ ಗಾಳಿ. ಕೊನೆಗೂ ಅವಳು ಇಳಿದು, ಉಗುರು ಮುದುಡಿ, ಹೊಟ್ಟೆ ಅಲ್ಲಾಡಿಸಿ ಕೂತಳು. ಹನ್ನೊಂದು ನಿಮಿಷ ಆಗಿತ್ತು.

ಬರೆಯದೆ ಬಿಡಬಹುದಿತ್ತು. ಯಾರೂ ಇರಲಿಲ್ಲ. ಬರೆದೆ. "7:52ರಿಂದ 8:03, ಹೆಣ್ಣು ಗೂಡು ಬಿಟ್ಟಿತ್ತು. ಕಾರಣ: ನಾನು." ಮರುದಿನ ಪೋಸ್ಟ್‌ಮನ್ ಓದಿದರು. ಏನೂ ಅನ್ನಲಿಲ್ಲ. ಚಹಾ ಬಗ್ಗಿಸಿ ಕೊಟ್ಟರು. ಬೈದಿದ್ದರೆ ವಾಸಿಯಾಗಿತ್ತು. ಆಮೇಲೆ ಮೆತ್ತಗೆ ಹೇಳಿದರು, 1981ರ ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಯಲ್ಲಿ ಈ ಹಕ್ಕಿ ಇದೆ, ಗೂಡಿನ ಹತ್ತಿರ ಬೇಕೆಂದು ಅಥವಾ ಲಕ್ಷ್ಯವಿಲ್ಲದೆ ತೊಂದರೆ ಕೊಟ್ಟರೆ ಅದು ಅಪರಾಧ ಅಂತ. ಜೈಲಿಗೂ ಹಾಕಬಹುದಂತೆ. ಬೆಳ್ಳೂರಿನ ಆಸಾಮಿ ಫೋಟೋ ತೆಗೆಯಲು ಹೋಗಿ ವೇಲ್ಸ್‌ನಲ್ಲಿ ಜೈಲು ಸೇರುವುದು!

ಇಷ್ಟು ಕಟ್ಟುನಿಟ್ಟು ಯಾಕೆ ಅಂತ ಆ ದಿನ ಅವರು ಹೇಳಿದ ಕತೆಗಳಿಂದ ಗೊತ್ತಾಯಿತು. ಬ್ರಿಟನ್ನಿನವರು ಈ ಹಕ್ಕಿಯನ್ನು ಪೂರಾ ಕಳೆದುಕೊಂಡವರು. ಮೀನಿಗೆ ಕುತ್ತು ಅಂತ ಗುಂಡು ಹೊಡೆದರು, ಮೊಟ್ಟೆ ಕದ್ದರು. ಸ್ಕಾಟ್ಲೆಂಡ್‌ನಲ್ಲಿ ಉಳಿದಿದ್ದ ಗೂಡುಗಳೂ 1916ರ ಹೊತ್ತಿಗೆ ಮುಗಿದವು. 1954ರಲ್ಲಿ ಅಲ್ಲಿನ ಲಾಕ್ ಗಾರ್ಟನ್ ಎಂಬ ಸರೋವರದ ಹತ್ತಿರ ಒಂದು ಜೋಡಿ ತಾನಾಗಿ ಬಂದು ಗೂಡು ಕಟ್ಟಿತು. ಕಾವಲು ಹಾಕಿದರು. ಆದರೂ 1958ರಲ್ಲಿ ಒಬ್ಬ ಕಳ್ಳ ರಾತ್ರಿ ಮರ ಹತ್ತಿ ಮೊಟ್ಟೆ ಎತ್ತಿದ. ಬದಲಿಗೆ ಕೋಳಿ ಮೊಟ್ಟೆಗೆ ಬೂಟ್ ಪಾಲಿಶ್ ಬಳಿದು ಇಟ್ಟುಹೋದ! ಮರುವರ್ಷ ಪಕ್ಷಿ ಸಂಘದವರು ಬೇರೆ ದಾರಿ ಹಿಡಿದರು. ಗೂಡು ಇಲ್ಲಿದೆ ಅಂತ ಸಾರಿ, ಜನರನ್ನೇ ಕರೆದು, ದೂರದಿಂದ ತೋರಿಸಿದರು. 1959ರ ಆ ಬೇಸಿಗೆಯಲ್ಲಿ ಸುಮಾರು 14,000 ಜನ ಬಂದರು. ಮೂರು ಮರಿ ಹಾರಿದವು. ಅಷ್ಟು ಕಣ್ಣಿರುವ ಕಡೆ ಕಳ್ಳ ಹೇಗೆ ಬರುತ್ತಾನೆ?

ಮೊಟ್ಟೆ ಕಳ್ಳರ ಕತೆ ಅವ್ವನಿಗೆ ಅರ್ಥವೇ ಆಗಲಿಲ್ಲ. "ತಿನ್ನಾಕಾ?" ಅಂದರು. ಅಲ್ಲ ಅವ್ವ, ತೂತು ಮಾಡಿ ಒಳಗಿನದನ್ನು ಚೆಲ್ಲಿ, ಚಿಪ್ಪನ್ನು ಹತ್ತಿ ಮೇಲಿಟ್ಟು ಪೆಟ್ಟಿಗೆಯಲ್ಲಿ ಜೋಡಿಸಿಡೋಕೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಹಸ್ದು ತಿಂದಿದ್ರೆ ಏನೋ ಅನ್ಬೋದಿತ್ತು" ಅಂದರು.

ಇದೆಲ್ಲ ಹಳೇ ಕತೆ ಅಂತ ಬಿಡುವ ಹಾಗೂ ಇಲ್ಲ. ವೇಲ್ಸ್‌ನಲ್ಲಿ ಈ ಕಾಲದ ಮೊದಲ ಗೂಡುಗಳು ಕಂಡದ್ದೇ 2004ರಲ್ಲಿ. ಇವತ್ತಿಗೂ ಬೆರಳೆಣಿಕೆಯ ಜೋಡಿಗಳು. 2021ರ ಏಪ್ರಿಲ್ 30ರ ರಾತ್ರಿ ಉತ್ತರ ವೇಲ್ಸ್‌ನ ಲಿನ್ ಬ್ರೆನಿಗ್ ಜಲಾಶಯದಲ್ಲಿ ಯಾರೋ ಗೂಡಿನ ಕಂಬವನ್ನೇ ಚೈನ್ ಗರಗಸದಿಂದ ಕೊಯ್ದು ಉರುಳಿಸಿದರು. ಹಕ್ಕಿ ಆಗಷ್ಟೇ ಮೊದಲ ಮೊಟ್ಟೆ ಇಟ್ಟಿತ್ತು. ನಮ್ಮ ಗೂಡಿನ ಜಾಗ ನಾನು ಬರೆಯದಿರುವುದು ಇದಕ್ಕೇ.

1916 ಅಂತ ಕೇಳಿದಾಗ ನನಗೆ ಇನ್ನೊಂದು ನೆನಪಾಯಿತು. ಬೆಳ್ಳೂರು ಮೊದಲು ಶಿಂಷಾ ನದಿ ದಡದಲ್ಲಿತ್ತಂತೆ. 1916ರಲ್ಲಿ ಪ್ಲೇಗ್ ಬಂತು, ಜನ ಊರು ಬಿಟ್ಟು ಈಗಿನ ಜಾಗಕ್ಕೆ ಬಂದರು. ಹಕ್ಕಿಗಳೂ ಹಿಂದೆಯೇ ಬಂದು ಈ ಮರಗಳಲ್ಲಿ ಗೂಡು ಕಟ್ಟಿದವು. ಊರಲ್ಲಿ ಇದನ್ನು ಹೀಗೇ ಹೇಳುತ್ತಾರೆ. ಒಂದು ಕಡೆ ಜನ ಹಕ್ಕಿಯನ್ನು ಅಟ್ಟಿದ ಕಾಲಕ್ಕೆ ಇನ್ನೊಂದು ಕಡೆ ಹಕ್ಕಿ ಜನರ ಬೆನ್ನು ಹಿಡಿದು ಬಂದಿದೆ.

ಈ ಮಾತನ್ನು ನಮ್ಮ ಗುಂಪಿನಲ್ಲಿ ಹೇಳಿ ಸ್ವಲ್ಪ ಮೆರೆದೆ. ನಮ್ಮೂರಲ್ಲಿ ಹೆಜ್ಜಾರ್ಲೆ ಅಂದರೆ ಬಾಣಂತನಕ್ಕೆ ತವರಿಗೆ ಬಂದ ಮಗಳು. ಅವಳಿಗೆ ಬೇಲಿ ಬೇಕಿಲ್ಲ, ಕಾಯಿದೆ ಬೇಕಿಲ್ಲ. ಬಿದ್ದ ಮರಿಯನ್ನು ಎತ್ತಿ ಸಾಕೋಕೆ ಊರ ಹುಡುಗರದ್ದೇ ಒಂದು ಗುಂಪಿದೆ, ಹೆಜ್ಜಾರ್ಲೆ ಬಳಗ ಅಂತ. ಹಿಕ್ಕೆ ಕೆಡವಿ ಹುಣಸೆ ಫಸಲು ಹಾಳಾದರೂ ಮರ ಕಡಿಯಲ್ಲ. ಎಲ್ಲರೂ ಕೇಳಿ ತಲೆದೂಗಿದರು. ನನಗೂ ಹಿತವಾಯಿತು. ಹೇಳಿದ್ದೆಲ್ಲ ನಿಜವೇ. ಆದರೆ ಹೇಳದೆ ಬಿಟ್ಟದ್ದೂ ಇದೆ.

ಬೆಳ್ಳೂರಿನಿಂದ ಸೈಕಲ್ ದೂರದಲ್ಲಿದ್ದ ನಮ್ಮ ಅಜ್ಜಿ ಊರಲ್ಲಿ ನಾವು ಹುಡುಗರು ಕ್ಯಾಟರ್‌ಬಿಲ್ಲು ಹಿಡಿದು ಬೆಳ್ಳಕ್ಕಿ ಹೊಡೆಯುತ್ತಿದ್ದೆವು. ಯಾರೂ ಬಿಡಿಸಲಿಲ್ಲ. ಹೆಜ್ಜಾರ್ಲೆ ಬೆಳ್ಳೂರಿಗೆ ಮಗಳು, ಪಕ್ಕದೂರಿಗೆ ಬರೀ ಹಕ್ಕಿ. ಅಕ್ಕರೆ ಊರ ಗಡಿಯಲ್ಲಿ ನಿಂತುಬಿಡುತ್ತದೆ. ಇಲ್ಲಿನ ಕಾಯಿದೆಗೆ ಅಕ್ಕರೆ ಇಲ್ಲ, ಆದರೆ ಅದಕ್ಕೆ ಊರ ಗಡಿಯೂ ಇಲ್ಲ. ಮಂಡಿ ನೋವಿನ ಅಜ್ಜಿಗೂ ಮದ್ದೂರಿನಿಂದ ಬಂದ ನನಗೂ ಅದೇ ಮುನ್ನೂರೈವತ್ತು ಮೀಟರ್. ನಮ್ಮ ಕಾನೂನು ಪುಸ್ತಕದಲ್ಲೂ ಇಂಥದ್ದು ಇಲ್ಲ ಅಂತಲ್ಲ. ಪಾಲಿಸದೆ ಇದ್ದರೆ ಹನ್ನೊಂದು ನಿಮಿಷ ಬರೆದಿಡುವ ಪುಸ್ತಕ ನಮ್ಮಲ್ಲಿ ಇಲ್ಲ.

ಹೋದ ಸಲ ಊರಿಗೆ ಹೋದಾಗ ಒಂದು ಕೆರೆ ಏರಿಯ ಮೇಲೆ ನೋಡಿದೆ. ಒಂದು ಗೂಡಿನ ಮುಂದೆ ಕ್ಯಾಮೆರಾದವರು ಏಳೆಂಟು ಜನ. ಅಡ್ಡ ಬಂದ ರೆಂಬೆಯನ್ನು ಒಬ್ಬ ಮುರಿದ. ಮರಿಯ ಮೇಲೆ ನೇರ ಬಿಸಿಲು ಬಿತ್ತು. ಫೋಟೋ ಚೆನ್ನಾಗಿ ಬಂದಿರಬೇಕು. ಇವರು ಹಳ್ಳಿಯವರಲ್ಲ, ಪೇಟೆಯಿಂದ ಬಂದವರು, ಹಕ್ಕಿ ಹೆಸರನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಬಲ್ಲವರು. ಬೆಳ್ಳೂರಿನ ಅಕ್ಕರೆಯೂ ಅವರಿಗೆ ಬಂದಿಲ್ಲ, ಇಲ್ಲಿನ ಶಿಸ್ತೂ ಬಂದಿಲ್ಲ. ನಾನು ಏನಾದರೂ ಹೇಳಬಹುದಿತ್ತು. ಏಪ್ರಿಲ್ 28 ನೆನಪಾಗಿ ಬಾಯಿ ಬರಲಿಲ್ಲ.

ಮೇ 28ಕ್ಕೆ ಮೊದಲ ಮರಿ. ಅದನ್ನೂ ಊಹಿಸಿಯೇ ತಿಳಿದೆವು. ಬೆಳಗ್ಗೆ ಅವಳು ಮಾಮೂಲಿಗಿಂತ ಸ್ವಲ್ಪ ಎತ್ತರಕ್ಕೆ, ರೆಕ್ಕೆ ಸಡಿಲ ಬಿಟ್ಟು ಕೂತಿದ್ದಳು. ಗಂಡು ಮೀನು ತಂದಿತು. ಅವಳು ಚೂರು ಕಿತ್ತು ತಲೆ ಬಗ್ಗಿಸಿ ಹಾಗೇ ನಿಂತಳು. ಎಷ್ಟೋ ಹೊತ್ತು. ಕೊಕ್ಕಿನಲ್ಲಿ ಅಕ್ಕಿಕಾಳಿನಷ್ಟು ಮೀನು. ಇನ್ನೂ ಕುತ್ತಿಗೆ ನಿಲ್ಲದ ಮರಿ ಬಾಯಿ ತೆರೆದು ಅದನ್ನು ಹುಡುಕಿಕೊಳ್ಳುವವರೆಗೂ ಕಾಯುತ್ತಾಳೆ. ನನ್ನ ಜೊತೆಗಿದ್ದ ಹೆಂಗಸು ಪುಸ್ತಕದಲ್ಲಿ ಬರೆದದ್ದು ಇಷ್ಟು: "6:15, ತುತ್ತು ಕೊಟ್ಟಿತು." ಕಣ್ಣು ಒರೆಸಿಕೊಳ್ಳುತ್ತಾ ಬರೆದರು. ಲೆಡ್ಜರ್ ಅಂತ ನಗುವುದನ್ನು ಅವತ್ತೇ ಬಿಟ್ಟೆ.

ಎರಡನೆಯದು 30ಕ್ಕೆ. ಮೂರನೆಯದು ಜೂನ್ 2ಕ್ಕೆ. ಮೂರೂ ಒಡೆದವಲ್ಲ ಅಂತ ನನಗೆ ಜೀವ ಬಂದ ಹಾಗಾಯಿತು. ಐದು ವಾರ ಆ ಹನ್ನೊಂದು ನಿಮಿಷ ಹೊತ್ತುಕೊಂಡು ತಿರುಗಿದ್ದೆ.

ಆದರೆ ಮೂರನೆಯದು ಸಣ್ಣದಿತ್ತು. ಮೊದಲನೆಯದಕ್ಕಿಂತ ಐದು ದಿನ ಕಿರಿಯದು. ಆಸ್ಪ್ರೇ ಮೊದಲ ಮೊಟ್ಟೆಯಿಂದಲೇ ಕಾವಿಗೆ ಕೂರುತ್ತದೆ, ಹಾಗಾಗಿ ಮರಿಗಳು ಒಟ್ಟಿಗೆ ಹುಟ್ಟುವುದಿಲ್ಲ. ಮೀನು ಸಾಕಷ್ಟಿದ್ದರೆ ಮೂರೂ ಬದುಕುತ್ತವೆ. ಕಡಿಮೆಯಾದರೆ ದೊಡ್ಡವು ತಿಂದು ಮಿಕ್ಕಿದ್ದು ಸಣ್ಣದಕ್ಕೆ. ಜೂನ್ ಎರಡನೇ ವಾರ ಮಳೆ ಹಿಡಿಯಿತು. ಮೂರು ದಿನ ಬಿಡಲಿಲ್ಲ. ನೀರು ಕದಡಿ ಕೆಂಪಾಯಿತು. ಮೇಲಿಂದ ಮೀನು ಕಾಣದಿದ್ದರೆ ಗಂಡು ಎಲ್ಲಿ ಧುಮುಕಬೇಕು? ದಿನಕ್ಕೆ ಐದು ಮೀನು ತರುತ್ತಿದ್ದವನು ಒಂದು ತಂದ. ಹೆಣ್ಣು ಗೂಡಿನ ಮೇಲೆ ರೆಕ್ಕೆ ಹರಡಿ ಕೊಡೆಯ ಹಾಗೆ ನಿಂತಿದ್ದಳು. ಬೆನ್ನಿನ ಮೇಲೆ ಬಿದ್ದ ನೀರು ರೆಕ್ಕೆ ತುದಿಯಿಂದ ದಾರ ದಾರವಾಗಿ ಇಳಿಯುತ್ತಿತ್ತು.

11ನೇ ತಾರೀಕು ನನ್ನ ಪಾಳಿ. ಒಂದು ಮೀನು ಬಂತು. ದೊಡ್ಡದು ತಿಂದಿತು, ನಡುವಿನದು ತಿಂದಿತು. ಸಣ್ಣದು ತಲೆ ಎತ್ತಿತು, ದೊಡ್ಡದು ಕುಕ್ಕಿತು, ತಲೆ ತಗ್ಗಿತು. ಮತ್ತೆ ಎತ್ತಿತು. ಮೀನು ಮುಗಿಯಿತು. ನಾನು ಬರೆದೆ: "ಮೂರನೆಯದಕ್ಕೆ ತುತ್ತು ಸಿಗಲಿಲ್ಲ."

ಪೋಸ್ಟ್‌ಮನ್ನರಿಗೆ ಫೋನ್ ಮಾಡಿದೆ. ಪೇಟೆಯಿಂದ ಎರಡು ಟ್ರೌಟ್ ತರ್ತೀನಿ, ಗೂಡಿಗೆ ಹಾಕೋಣ ಅಂದೆ. ಅವರು ಬೇಡ ಅಂದರು. "ನಾವು ಕಂಬ ಹತ್ತಿದರೆ ಅವಳು ಏಳುತ್ತಾಳೆ. ಈ ಮಳೆಯಲ್ಲಿ ಅವಳು ಎದ್ದರೆ ಮಿಕ್ಕ ಎರಡೂ ನೆನೆದು ಹೋಗುತ್ತವೆ." ನಾನು ಬಿಡಲಿಲ್ಲ. ನಮ್ಮೂರಲ್ಲಿ ಆಗಿದ್ದರೆ ಹುಡುಗರು ಇಷ್ಟು ಹೊತ್ತಿಗೆ ಮರ ಹತ್ತಿರುತ್ತಿದ್ದರು ಅಂದೆ. ಅವರು ಸುಮ್ಮನಿದ್ದು ಕೇಳಿದರು, "ನಿಮ್ಮೂರ ಹಕ್ಕಿ ಜನರನ್ನು ಕಂಡರೆ ಏಳುತ್ತವಾ?" ಇಲ್ಲ. ಏಳುವುದಿಲ್ಲ. ನೂರು ವರ್ಷದಿಂದ ಕೆಳಗೆ ಪಾತ್ರೆ ತೊಳೆಯುವ ಸದ್ದು ಕೇಳಿದ ಹಕ್ಕಿ ಅವು. ಇವು ನೂರು ವರ್ಷ ಗುಂಡಿನ ಸದ್ದು ಕೇಳಿದವು.

12ರ ಸಂಜೆಯ ನಂತರ ಸಣ್ಣದರ ತಲೆ ಕಾಣಲಿಲ್ಲ. 13ಕ್ಕೆ ಮಳೆ ನಿಂತಿತು.

ನನಗೆ ಈಗಲೂ ಇದರಲ್ಲಿ ಪೂರಾ ಒಪ್ಪಿಗೆ ಇಲ್ಲ. ಇಲ್ಲಿನವರೂ ಯಾವಾಗಲೂ ಕೈಕಟ್ಟಿ ಕೂತವರಲ್ಲ. 2021ರಲ್ಲಿ ಉತ್ತರ ವೇಲ್ಸ್‌ನ ಗ್ಲಾಸ್ಲಿನ್ ಎಂಬಲ್ಲಿನ ಗೂಡಿನ ಗಂಡು ರೆಕ್ಕೆಯ ಗರಿ ಕಳೆದುಕೊಂಡು ಮೀನು ಹಿಡಿಯಲಾಗದೆ ಹೋದಾಗ ಜನರೇ ಮೀನು ತಂದಿಟ್ಟರು. ಮರಿ ಉಳಿಯಲಿಲ್ಲ, ದೊಡ್ಡ ಹಕ್ಕಿಗಳು ಉಳಿದವು. ಅಂದರೆ ಮುಟ್ಟಬಾರದು ಅನ್ನುವುದು ವೇದವಾಕ್ಯ ಏನಲ್ಲ, ಆಯಾ ಹೊತ್ತಿನ ಲೆಕ್ಕ. ಅವತ್ತಿನ ಲೆಕ್ಕ ಸರಿಯಾಗಿತ್ತು ಅಂತ ತಲೆ ಹೇಳುತ್ತದೆ. ಆದರೆ ಮರದಿಂದ ಕೆಳಗೆ ಬಿದ್ದ ಮರಿಯನ್ನು ಎತ್ತಿಕೊಳ್ಳುವ ವಿಷಯಕ್ಕೆ ಬಂದರೆ ನಾನು ಬೆಳ್ಳೂರಿನ ಪಕ್ಷ. ಅದರಲ್ಲಿ ಲೆಕ್ಕ ಹಾಕುತ್ತಾ ನಿಲ್ಲುವುದು ನನ್ನಿಂದಾಗದು.

ಆ ಹನ್ನೊಂದು ನಿಮಿಷಕ್ಕೂ ಸಣ್ಣ ಮರಿಗೂ ಸಂಬಂಧ ಇತ್ತಾ ಅಂತ ಪೋಸ್ಟ್‌ಮನ್ನರನ್ನು ಕೇಳಿದೆ. ಇಲ್ಲ ಅಂದರು. ಮೂರನೆಯದು ಯಾವಾಗಲೂ ಸಣ್ಣದೇ, ಸಂಬಂಧ ಇದ್ದಿದ್ದರೆ ಮೊಟ್ಟೆ ಒಡೆಯುತ್ತಲೇ ಇರಲಿಲ್ಲ ಅಂದರು. ಇನ್ನೂ ಎರಡು ಸಲ ಕೇಳಿದೆ. ಎರಡು ಸಲವೂ ಅದನ್ನೇ ಹೇಳಿದರು.

ಅವ್ವನಿಗೆ ಹೇಳಿದಾಗ ಅವರು ಮರಿಗಾಗಿ ಲೊಚಗುಟ್ಟಿದರು. ಮೀನು ಹಾಕಲು ಬಿಡಲಿಲ್ಲ ಅಂತ ನಾನು ಇಲ್ಲಿಯವರ ಮೇಲೆ ದೂರಿದೆ. ನನ್ನ ಪಕ್ಷ ವಹಿಸುತ್ತಾರೆ ಅಂದುಕೊಂಡಿದ್ದೆ. ಅವ್ವ ಹೇಳಿದ್ದು ಬೇರೆ. "ಬಾಣ್ತಿ ಕ್ವಾಣೆಗೆ ಯಾರನ್ನ ಬುಡ್ತಾರಪ್ಪ? ನಿನ್ ತಂಗಿ ಬಾಣ್ತನದಾಗೆ ನಿಮ್ಮತ್ತೇನೇ ಹನ್ನೊಂದ್ ದಿನ ಬಾಗ್ಲಾಗೆ ನಿಲ್ಸಿದ್ದೆ ನಾನು. ಕಣ್ಣಾಯ್ತದೆ ಕಣ್ಲಾ."

ಅದು ನನಗೆ ಹೊಳೆದೇ ಇರಲಿಲ್ಲ. ಬೆಳ್ಳೂರು ಅಂದರೆ ಹತ್ತಿರ, ವೇಲ್ಸ್ ಅಂದರೆ ದೂರ ಅಂತ ನಾನು ಗೆರೆ ಎಳೆದುಕೊಂಡಿದ್ದೆ. ನಮ್ಮ ಮನೆಯಲ್ಲೇ ಕತ್ತಲ ಕೋಣೆ ಇತ್ತು, ಕಿವಿಗೆ ಹತ್ತಿ ಇತ್ತು, ಹೊರಗಿನಿಂದ ಬಂದವರು ಕಾಲು ತೊಳೆದು ಹೊಸಲಿನಾಚೆ ನಿಲ್ಲುವ ಕಟ್ಟು ಇತ್ತು. ಇವರ ಮರದ ಶೆಡ್ಡು ಆ ಹೊಸಲು. ನಾನು ಏಪ್ರಿಲ್ 28ರಂದು ಕೈಯಲ್ಲಿ ಮೊಬೈಲ್ ಹಿಡಿದು ಬಾಣಂತಿ ಕೋಣೆಗೆ ನುಗ್ಗಿದ್ದೆ.

ಇನ್ನೊಂದು ಗೆರೆಯೂ ಅಳಿಯಿತು. ಗೂಡಿನ ಕಂಬ ನಿಂತಿರುವುದು ಒಬ್ಬ ಕುರಿ ಸಾಕುವ ರೈತರ ಜಮೀನಿನಲ್ಲಿ. ನಮ್ಮ ಗುಂಪಿನ ಪುಸ್ತಕದಲ್ಲಿ ಅವರ ಹೆಸರಿಲ್ಲ. ಸ್ಕೋಪಿನಲ್ಲಿ ಕಣ್ಣಿಟ್ಟು ನೋಡುವುದಿಲ್ಲ ಅವರು. ಕುರಿ ಮರಿ ಹಾಕುವ ಕಾಲದಲ್ಲಿ ನಾಯಿ, ಟ್ರಾಕ್ಟರ್ ಸಮೇತ ಕಂಬದ ಹತ್ತಿರವೇ ಹಾದುಹೋಗುತ್ತಾರೆ. ಹೆಣ್ಣು ತಲೆ ತಿರುಗಿಸಿ ನೋಡಿ ಸುಮ್ಮನಾಗುತ್ತದೆ. ಒಂದು ದಿನ ಅವರನ್ನು ಮಾತಾಡಿಸಿದೆ. ಕಾಗೆಗಳನ್ನು ಅಟ್ಟುತ್ತದೆ, ಕುರಿಮರಿಗೆ ಒಳ್ಳೆಯದು, ಇರಲಿ ಬಿಡಿ ಅಂದರು. ಬೆಳ್ಳೂರಿನ ಅಂಗಳ ಗುಡಿಸುವ ಹೆಂಗಸೂ ಹೀಗೇ ಮಾತಾಡಿದ್ದಳು, ಗೊಬ್ಬರ ಆಯ್ತದೆ, ಇರ್ಲಿ ಬುಡಿ ಅಂತ. ಹಕ್ಕಿಯ ಜೊತೆ ಬದುಕುವವರು ಎಲ್ಲ ಕಡೆಯೂ ಒಂದೇ ಥರ ಮಾತಾಡುತ್ತಾರೋ ಏನೋ. ನನ್ನ ತಕರಾರು ಇಷ್ಟೇ: ಬೆಳ್ಳೂರಿನಲ್ಲಿ ಹುಣಸೆ ಫಸಲಿಗೆ ಪರಿಹಾರ ಕೊಡುವ ಏರ್ಪಾಡು ಬಂತು, 2007ರಲ್ಲಿ ಊರ ಜನರನ್ನೂ ಸೇರಿಸಿಕೊಂಡು ಅದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದರು. ಇಲ್ಲಿ ನಮ್ಮ ಗುಂಪಿನವರು ಹಕ್ಕಿಯ ದಿನಚರಿಯನ್ನು ನಿಮಿಷದ ಲೆಕ್ಕದಲ್ಲಿ ಬರೆಯುತ್ತಾರೆ, ಜಮೀನಿನವರಿಗೆ ವರ್ಷಕ್ಕೊಂದು ಕ್ರಿಸ್‌ಮಸ್ ಕಾರ್ಡು ಕಳಿಸುತ್ತಾರೆ. ಇದನ್ನು ಸಭೆಯಲ್ಲಿ ಹೇಳಿದೆ. ಮುಂದಿನ ವರ್ಷದಿಂದ ಬೇಲಿ ರಿಪೇರಿಗೆ ನಾವೂ ಹೋಗುವುದು ಅಂತಾಗಿದೆ. ನೋಡೋಣ.

ಜುಲೈ ಮೊದಲ ವಾರ ಲೈಸೆನ್ಸ್ ಇದ್ದವರು ಬಂದು ಎರಡು ಮರಿಗಳಿಗೆ ಬಲಗಾಲಿಗೆ ನೀಲಿ ಬಳೆ ತೊಡಿಸಿದರು. ಅರ್ಧ ಗಂಟೆಯೊಳಗೆ ಮುಗಿಯಿತು. "ಕಾಲಿಗೆ ಕಡಗ ಹಾಕುದ್ರಾ?" ಅಂತ ಅವ್ವನಿಗೆ ಸಂತೋಷ. ಆಮೇಲಿನ ಎರಡು ವಾರ ರೆಕ್ಕೆ ಬಡಿಯುವುದೇ ಕೆಲಸ. ಗಾಳಿ ಬಂದಾಗ ಗೂಡಿನಿಂದ ಒಂದಡಿ ಮೇಲೆದ್ದು, ಗಾಬರಿಯಾಗಿ, ಕಾಲು ಇಳಿಬಿಟ್ಟು ಮತ್ತೆ ಇಳಿಯುತ್ತಿದ್ದವು. 19ಕ್ಕೆ ದೊಡ್ಡದು ನಿಜವಾಗಿ ಹಾರಿತು. ಹಾರಿದ್ದೇನೋ ಸರಿ, ಇಳಿಯುವುದು ಗೊತ್ತಿರಲಿಲ್ಲ. ಗೂಡಿನ ಸುತ್ತ ಆರು ಸಲ ಸುತ್ತಿ, ಕೊನೆಗೆ ತಮ್ಮನ ಬೆನ್ನ ಮೇಲೆ ಬಂದು ಬಿತ್ತು.

ಆಗಸ್ಟ್ 19ಕ್ಕೆ ಹೆಣ್ಣು ಹೊರಟುಹೋಯಿತು. ಆಸ್ಪ್ರೇಗಳಲ್ಲಿ ತಾಯಿಯೇ ಮೊದಲು ಹೋಗುವುದು. ಮರಿಗಳಿಗೆ ಮೀನು ತಂದುಕೊಡುತ್ತಾ ತಂದೆ ಉಳಿಯುತ್ತದೆ. ಮರಿಗಳು ಒಂದೊಂದಾಗಿ, ಯಾರೂ ದಾರಿ ತೋರಿಸದೆ, ಒಂಟಿಯಾಗಿ ಆಫ್ರಿಕಾಕ್ಕೆ ಹೊರಡುತ್ತವೆ. ಎಷ್ಟೋ ಮರಿಗಳು ದಾರಿಯಲ್ಲೇ ತೀರಿಕೊಳ್ಳುತ್ತವೆ. ಬದುಕಿದವು ಎರಡು ಮೂರು ವರ್ಷ ಅಲ್ಲೇ ಇದ್ದು ಆಮೇಲೆ ಹುಟ್ಟಿದ ಕಡೆ ಬರುತ್ತವೆ. ಆ ಹೊತ್ತಿಗೆ ಅವ್ವ ಗೌರಿ ಹಬ್ಬದ ಬಾಗಿನಕ್ಕೆ ಮೊರ ತರಿಸುತ್ತಿದ್ದರು. "ಹೊಂಟೋದ್ಲಾ? ಹಬ್ಬಕ್ಕೂ ಇರ್ನಿಲ್ವಾ?" ಅಂದರು. ಮಕ್ಕಳನ್ನು ಗಂಡ ನೋಡಿಕೊಳ್ಳುತ್ತಾನೆ ಅಂತ ವಿವರಿಸಿದೆ. ಫೋನ್ ಆಚೆ ಕಡೆ ತಿರುಗಿಸಿ, "ರೀ, ಇಲ್ಬನ್ನಿ, ಇದನ್ನ ಕೇಳಿ" ಅಂತ ಅಪ್ಪನನ್ನು ಕರೆದರು.

ಮರಿಗಳು ಆಗಸ್ಟ್ 27ಕ್ಕೆ ಒಂದು, ಸೆಪ್ಟೆಂಬರ್ 2ಕ್ಕೆ ಇನ್ನೊಂದು ಹೋದವು. ಗಂಡು 6ರವರೆಗೂ ಇತ್ತು. ಕೊನೆಯ ಮೀನನ್ನು ಗೂಡಿಗೆ ತಂದು, ಸುತ್ತ ನೋಡಿ, ತುಂಬ ಹೊತ್ತು ಕೂಗಿ, ಆಮೇಲೆ ತಾನೇ ತಿಂದಿತು. ಅವತ್ತು ಪುಸ್ತಕದಲ್ಲಿ ತಲೆ ಇತ್ತಾ ಇಲ್ಲವಾ ಅನ್ನುವ ಕಾಲಂ ಯಾರೂ ತುಂಬಿಲ್ಲ.

ನವೆಂಬರಿನಲ್ಲಿ ಗೂಡು ಸರಿಮಾಡಲು ಹೋದೆವು. ಹಕ್ಕಿ ಇಲ್ಲದ ಕಾಲದಲ್ಲಿ ಅಡ್ಡಿಯಿಲ್ಲ. ಮರ ಹತ್ತುವ ಕಸುಬಿನವರು ಒಬ್ಬರು ಮೇಲೆ ಹೋದರು. ನಾನು ಕೆಳಗೆ ನಿಂತು ಕಡ್ಡಿ ಕೊಡುವವನು. ಏಳು ತಿಂಗಳ ಮೇಲೆ ಮೊದಲ ಸಲ ಕಂಬ ಮುಟ್ಟಿದೆ. ಮೇಲಿಂದ ಮೀನಿನ ಮೂಳೆ, ಒಣಗಿದ ಕಿವಿರು, ಹುಲ್ಲು ಹೊರೆಗೆ ಸುತ್ತುವ ನೀಲಿ ಪ್ಲಾಸ್ಟಿಕ್ ಹುರಿ ಬಂದವು. ಈ ಹುರಿಯನ್ನು ಹಕ್ಕಿಗಳೇ ತಂದುಕೊಳ್ಳುತ್ತವೆ, ಮರಿಯ ಕಾಲಿಗೆ ಸುತ್ತಿಕೊಂಡು ಕುತ್ತಾಗುತ್ತದೆ ಅಂತ ಒಂದೊಂದನ್ನೂ ಕತ್ತರಿಸಿ ತೆಗೆದರು. ಸಣ್ಣ ಮರಿಯ ಗುರುತು ಏನೂ ಇರಲಿಲ್ಲ. ಆಮೇಲೆ ಹೊಸ ಕಡ್ಡಿ ಹೆಣೆದು, ನಡುವೆ ಹಸಿ ಪಾಚಿ ಒತ್ತಿದರು. ಪಾಚಿಯ ಚೀಲ ನನ್ನ ಕೈಯಿಂದಲೇ ಹೋಯಿತು.

ಸಂಜೆ ಅವ್ವನಿಗೆ ಹೇಳಿದೆ, ಇವತ್ತು ಗೂಡು ಕ್ಲೀನ್ ಮಾಡಿದ್ವಿ ಅಂತ.

"ಹಾಸ್ಗೆ ಹೊಸ್ದು ಹಾಕುದ್ರಾ?"

"ಹಾಕಿದ್ವಿ."

"ಮೆತ್ತಗದಾ?"

ಇದೆ ಅಂದೆ.